‘ಸರ್ವರ್ ಡೌನ್’ ಅಂದ್ರೆ ನಿಜವಾಗ್ಲೂ ಏನು? ಅರಸೀಕೆರೆ ಕೌಂಟರಿನಿಂದ ಡೇಟಾಬೇಸ್ ಪೂಲ್‌ವರೆಗೆ

ಪಾಡ್‌ಕಾಸ್ಟ್ ಕೇಳೋಕೆ ಪುರುಸೊತ್ತು ಇಲ್ಲದವರಿಗಾಗಿ ಈ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನ ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಇವತ್ತು ಒಂದು ಸಣ್ಣ ದೃಶ್ಯದಿಂದ ಶುರು ಮಾಡೋಣ.

ಹಳೇಬೀಡಿನ ಒಬ್ಬ ಹುಡುಗಿ. ಬೆಳಗಾವಿಯಲ್ಲಿ ಕೆಲಸದ ಇಂಟರ್‌ವ್ಯೂ ಇದೆ. ಹಳೇಬೀಡಿಗೆ ರೈಲು ಇಲ್ಲ. ಅರಸೀಕೆರೆ ಜಂಕ್ಷನ್‌ಗೆ ಬಂದು, ನಾಳೆ ರಾತ್ರಿ ಬೆಂಗಳೂರಿಂದ ಹೊರಡೋ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಬೇಕು. ಸ್ಲೀಪರ್ ತತ್ಕಾಲ್ ಓಪನ್ ಆಗೋದು ಬೆಳಗ್ಗೆ 11 ಗಂಟೆಗೆ. 10:58ಕ್ಕೇ ಲಾಗಿನ್ ಆಗಿ ಕೂತಿದ್ದಾಳೆ. 11 ಆಯ್ತು. ಫೋನಿನಲ್ಲಿ ‘ಅವೈಲಬಲ್ 43’ ಅಂತ ಕಾಣಿಸ್ತು. ಒತ್ತಿದಳು. ಚಕ್ರ ತಿರುಗ್ತು, ತಿರುಗ್ತು, ತಿರುಗ್ತಾನೇ ಇತ್ತು. ಕೊನೆಗೆ ಬಂದಿದ್ದು ‘ವೇಟಿಂಗ್ ಲಿಸ್ಟ್ 18’.

ಅವಳು ಹೇಳೋದು ಒಂದೇ ಮಾತು: “ಥೂ, ಸರ್ವರ್ ಡೌನ್.” ನಾವೆಲ್ಲ ಹೇಳೋದೂ ಅದೇ. ನ್ಯಾಯಬೆಲೆ ಅಂಗಡಿ ಮುಂದೆ, ನಾಡಕಚೇರಿ ಮುಂದೆ, ರಿಸಲ್ಟ್ ಬರೋ ದಿನ, ಎಲ್ಲ ಕಡೆ ಇದೇ ಮಾತು. ಆದ್ರೆ ಬಹಳಷ್ಟು ಸಲ ಸರ್ವರ್ ಡೌನ್ ಆಗಿರೋದೇ ಇಲ್ಲ. ಅದು ನೆಟ್ಟಗೆ ಓಡ್ತಾ ಇರತ್ತೆ. ಒಳಗೆ ಒಂದು ಕಿರಿದಾದ ಬಾಗಿಲ ಹತ್ರ ಸಾಲು ಕಟ್ಟಿರತ್ತೆ. ಆ ಬಾಗಿಲ ಹೆಸರು ‘ಡೇಟಾಬೇಸ್ ಕನೆಕ್ಷನ್ ಪೂಲ್’. ಇವತ್ತಿನ ವಿಷಯ ಅದೇ.

ಕೋಡಿಂಗ್ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಅರ್ಥ ಆಗತ್ತೆ. ಕೋಡಿಂಗ್ ಮಾಡೋರಿಗೆ ನಡುವೆ ನಿಜವಾದ ಸೆಟ್ಟಿಂಗ್‌ಗಳೂ ಸಿಗ್ತವೆ. ನಾನೇ ಮಾಡಿದ ಒಂದು ದೊಡ್ಡ ಎಡವಟ್ಟನ್ನೂ ಹೇಳ್ತೀನಿ.

ಬೋರ್ಡ್ ಬೇರೆ, ಕೌಂಟರ್ ಬೇರೆ

ಒಂದು ರೈಲ್ವೆ ರಿಸರ್ವೇಶನ್ ಆಫೀಸ್ ಕಲ್ಪಿಸಿಕೊಳ್ಳಿ. ಅರಸೀಕೆರೆಯದ್ದೇ ಅಂದುಕೊಳ್ಳಿ. ಒಳಗೆ 4 ಕೌಂಟರ್. ಹೊರಗೆ ಗೋಡೆ ಮೇಲೆ ಒಂದು ಬೋರ್ಡ್: ಯಾವ ರೈಲಲ್ಲಿ ಎಷ್ಟು ಸೀಟು ಖಾಲಿ ಅಂತ ಆಗಾಗ ಬರೆದು ಹಾಕ್ತಾರೆ.

ಬಂದೋರಲ್ಲಿ ಎಲ್ಲರಿಗೂ ಟಿಕೆಟ್ ಬೇಡ. “ಸೀಟು ಇದೆಯಾ?” ಅಂತ ನೋಡಿಕೊಂಡು ಹೋಗೋರೇ ಜಾಸ್ತಿ. ಅವರೆಲ್ಲ ಕೌಂಟರಿಗೇ ಬಂದು ಕೇಳಿದ್ರೆ, ನಿಜವಾಗಿ ಟಿಕೆಟ್ ಬೇಕಾದವರು ಸಾಲಿನಲ್ಲೇ ಸಾಯ್ತಾರೆ. ಅದಕ್ಕೇ ಬೋರ್ಡ್. ನೋಡೋರು ಬೋರ್ಡ್ ನೋಡಲಿ, ಕೊಳ್ಳೋರು ಮಾತ್ರ ಕೌಂಟರಿಗೆ ಬರಲಿ.

ಕಂಪ್ಯೂಟರ್ ಲೋಕದಲ್ಲಿ ಈ ಬೋರ್ಡ್ ಹೆಸರು ಕ್ಯಾಶ್. ಕಾಸಿನ ಕ್ಯಾಶ್ ಅಲ್ಲ. ಪದೇಪದೇ ಕೇಳೋ ಉತ್ತರವನ್ನ ಮೆಮೊರಿಯಲ್ಲಿ ಇಟ್ಟುಕೊಂಡು ತಕ್ಷಣ ಕೊಡೋ ಜಾಗ. ಕೌಂಟರಿನ ಹಿಂದೆ ಇರೋ ದೊಡ್ಡ ಲೆಡ್ಜರ್, ಅಂದ್ರೆ ನಿಜವಾದ ಲೆಕ್ಕದ ಪುಸ್ತಕ, ಅದು ಡೇಟಾಬೇಸ್. ಆ ಪುಸ್ತಕ ಮುಟ್ಟೋಕೆ ಇರೋ ಒಂದೊಂದು ಕೌಂಟರೂ ಒಂದೊಂದು ಕನೆಕ್ಷನ್. ಎಲ್ಲ ಕೌಂಟರು ಸೇರಿದ್ರೆ ಪೂಲ್.

ಈಗ ‘ಅವೈಲಬಲ್ 43’ ಅನ್ನೋದರ ಗುಟ್ಟು ನೋಡಿ. ಇಂಥ ವ್ಯವಸ್ಥೆಯಲ್ಲಿ ನೀವು ನೋಡೋ ಸಂಖ್ಯೆ ಬೋರ್ಡಿನ ಮೇಲಿನದ್ದು. ಕೆಲವು ಕ್ಷಣ ಹಳೆಯದಾಗಿರಬಹುದು. ಟಿಕೆಟ್ ಮಾತ್ರ ಬೋರ್ಡಿನಿಂದ ಕೊಡೋಕಾಗಲ್ಲ. ಕೊಟ್ರೆ ಒಂದೇ ಬರ್ತ್ ಇಬ್ಬರಿಗೆ ಹೋಗಿಬಿಡತ್ತೆ. ಅದಕ್ಕೆ ಪುಸ್ತಕ ತೆಗೀಲೇಬೇಕು, ಕೌಂಟರಿನ ಸಾಲಲ್ಲಿ ನಿಲ್ಲಲೇಬೇಕು. ನೀವು ಸಾಲಲ್ಲಿ ನಿಂತಿರುವಾಗ ಆ 43 ಖಾಲಿಯಾಗಿರತ್ತೆ.

ಇದು ಎಷ್ಟು ದೊಡ್ಡ ಸಾಲು ಗೊತ್ತಾ? 2025ರ ಮೇ 22ರಂದು ಬೆಳಗ್ಗೆ 10 ಗಂಟೆಗೆ, ಅಂದ್ರೆ ಎಸಿ ತತ್ಕಾಲ್ ಓಪನ್ ಆಗೋ ಹೊತ್ತಿಗೆ, ಒಂದೇ ನಿಮಿಷದಲ್ಲಿ 31,814 ಟಿಕೆಟ್ ಬುಕ್ ಆದವು. ರೈಲ್ವೆ ಇಲಾಖೆಯೇ ದಾಖಲೆ ಅಂತ ಹೇಳಿದ ಸಂಖ್ಯೆ ಅದು. ಮುಂದಿನ ತಿಂಗಳು ಇಲಾಖೆ ಇನ್ನೊಂದು ಲೆಕ್ಕ ಕೊಡ್ತು: ಆಗಿನ ವ್ಯವಸ್ಥೆಯ ಸಾಮರ್ಥ್ಯ ನಿಮಿಷಕ್ಕೆ 32,000 ಟಿಕೆಟ್, 4 ಲಕ್ಷ ವಿಚಾರಣೆ. ಹೊಸ ವ್ಯವಸ್ಥೆಯಲ್ಲಿ ನಿಮಿಷಕ್ಕೆ ಒಂದೂವರೆ ಲಕ್ಷ ಟಿಕೆಟ್, 40 ಲಕ್ಷ ವಿಚಾರಣೆ ಸಾಧ್ಯವಾಗಬೇಕು ಅಂತ ಗುರಿ ಇತ್ತು.

ಆ ಎರಡು ಸಂಖ್ಯೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಟಿಕೆಟಿಗಿಂತ ವಿಚಾರಣೆ ಹನ್ನೆರಡು ಪಟ್ಟಿಗೂ ಜಾಸ್ತಿ. ಹೊಸ ಗುರಿಯಲ್ಲಿ ಅದು ಇಪ್ಪತ್ತಾರು ಪಟ್ಟಿಗೂ ಜಾಸ್ತಿ. ಅಂದ್ರೆ ಬೋರ್ಡ್ ನೋಡೋ ಜನ ಟಿಕೆಟ್ ಕೊಳ್ಳೋರಿಗಿಂತ ಯಾವಾಗ್ಲೂ ಬಹಳ ಹೆಚ್ಚು. ರೈಲ್ವೆಯ ಸಾಫ್ಟ್‌ವೇರ್ ಸಂಸ್ಥೆ ಕ್ರಿಸ್ 2014ರಲ್ಲಿ ಇ-ಟಿಕೆಟ್ ವ್ಯವಸ್ಥೆಯನ್ನ ಹೊಸದಾಗಿ ಕಟ್ಟಿದಾಗ, ನಿಮಿಷಕ್ಕೆ 2,000 ಇದ್ದ ಸಾಮರ್ಥ್ಯವನ್ನ 7,200ಕ್ಕೆ ಏರಿಸೋದು ಗುರಿಯಾಗಿತ್ತು. ಅದಕ್ಕೆ ಅವರು ಜೆಮ್‌ಫೈರ್ ಅನ್ನೋ, ಮೆಮೊರಿಯಲ್ಲೇ ಡೇಟಾ ಇಟ್ಟುಕೊಳ್ಳೋ ತಂತ್ರಾಂಶ ಬಳಸಿದ್ರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ದೊಡ್ಡ ಬೋರ್ಡ್ ಹಾಕಿದ್ರು.

ಪೂಲ್ ಯಾಕೆ ಬೇಕು?

ಒಂದು ಪ್ರಶ್ನೆ ಬರಬಹುದು. ಯಾರು ಬಂದ್ರೆ ಅವರಿಗೆ ಹೊಸ ಕೌಂಟರ್ ತೆಗೆದುಬಿಟ್ರೆ ಆಯ್ತಲ್ವಾ?

ಯೋಚನೆ ಮಾಡಿ. ಪ್ರತಿ ಪ್ರಯಾಣಿಕನಿಗೂ ಒಬ್ಬ ಕ್ಲರ್ಕ್ ಬರಬೇಕು, ಬೀಗ ತೆಗೀಬೇಕು, ಪಾಸ್‌ವರ್ಡ್ ಹೊಡೀಬೇಕು, ಚಿಲ್ಲರೆ ಎಣಿಸಬೇಕು, ಒಂದು ಟಿಕೆಟ್ ಕೊಟ್ಟು ಮತ್ತೆ ಬೀಗ ಹಾಕಿ ಹೋಗಬೇಕು. ಟಿಕೆಟ್ ಕೊಡೋ ಕೆಲಸಕ್ಕಿಂತ ಬೀಗದ ಕೆಲಸವೇ ಜಾಸ್ತಿ.

ಡೇಟಾಬೇಸ್ ಕನೆಕ್ಷನ್ನೂ ಹಾಗೇ. ಹೊಸದೊಂದು ತೆಗೆಯೋಕೆ ನೆಟ್‌ವರ್ಕಿನಲ್ಲಿ ಎರಡು ಮೂರು ಸಲ ಹೋಗಿ ಬರಬೇಕು, ಪಾಸ್‌ವರ್ಡ್ ಪರೀಕ್ಷೆ ಆಗಬೇಕು. ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಅಂತೂ ಪ್ರತಿ ಕನೆಕ್ಷನ್‌ಗೂ ಪ್ರತ್ಯೇಕ ಪ್ರೋಸೆಸ್ ಶುರು ಮಾಡತ್ತೆ, ಅದಕ್ಕೆ ಬೇರೆ ಮೆಮೊರಿ. ಹಾಗಾಗಿ ಕೆಲವು ಕನೆಕ್ಷನ್‌ಗಳನ್ನ ಮೊದಲೇ ತೆಗೆದು ಇಟ್ಟುಕೊಳ್ತೀವಿ. ಬೇಕಾದವರು ಎರವಲು ತಗೊಳ್ತಾರೆ, ಕೆಲಸ ಮುಗಿಸ್ತಾರೆ, ವಾಪಸ್ ಕೊಡ್ತಾರೆ. ಇದೇ ಪೂಲ್.

ಇಲ್ಲಿವರೆಗೆ ಎಲ್ಲರೂ ಒಪ್ಪೋ ಮಾತು. ತಪ್ಪು ಶುರುವಾಗೋದು ಮುಂದಿನ ಪ್ರಶ್ನೆಯಲ್ಲಿ: ಎಷ್ಟು ಕನೆಕ್ಷನ್ ಇಟ್ಟುಕೊಳ್ಳಬೇಕು?

ನನ್ನ ಎಡವಟ್ಟು: ಕೊಬ್ಬರಿ ದರದ ಆ್ಯಪ್

ಈಗ ನನ್ನ ಕಥೆಗೆ ಬರ್ತೀನಿ. ಕೆಲವು ವರ್ಷದ ಹಿಂದೆ ನಾನು ಒಂದು ಸಣ್ಣ ಕಂಪನಿಯಲ್ಲಿ ಇದ್ದೆ. ನಾವು ಕೊಬ್ಬರಿ ದರ ತಿಳಿಸೋ ಆ್ಯಪ್ ಮಾಡಿದ್ವಿ. ಅರಸೀಕೆರೆ, ತಿಪಟೂರು ಕಡೆಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ತೆಂಗಿನಕಾಯಿನ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ, ಸುಲಿದು, ಉಂಡೆ ಕೊಬ್ಬರಿ ಮಾಡಿ ಮಾರೋದು. ವರ್ಷದ ದುಡಿಮೆ ಒಂದು ದಿನದ ದರದ ಮೇಲೆ ನಿಂತಿರತ್ತೆ.

ಹರಾಜು ಮುಗಿದ ತಕ್ಷಣ ನಾವು ದರ ಹಾಕ್ತಿದ್ವಿ. ಹಾಕಿದ ಕೂಡಲೇ ಎಲ್ಲರ ಫೋನಿಗೂ ನೋಟಿಫಿಕೇಶನ್: ‘ಇವತ್ತಿನ ದರ ಬಂದಿದೆ.’ ಎಲ್ಲರೂ ಒಟ್ಟಿಗೆ ತೆಗೀತಿದ್ರು. ಸೆಕೆಂಡಿಗೆ ಸುಮಾರು 100 ಜನ.

ನಮ್ಮ ಹತ್ರ 3 ಕ್ಯಾಶ್ ಸರ್ವರ್ ಇದ್ವು. ಹಿಂದೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, 4 ಕೋರ್ ಇರೋ ಮಷಿನ್. ಪ್ರತಿ ಸರ್ವರಿನಲ್ಲೂ 10 ಕನೆಕ್ಷನ್ ಪೂಲ್. ಜಾವಾದಲ್ಲಿ ಬಹಳ ಜನ ಬಳಸೋ ಹಿಕಾರಿ ಅನ್ನೋ ಪೂಲಿನ ಡಿಫಾಲ್ಟೂ ಅದೇ 10. ಒಟ್ಟು 30.

ಸಮಸ್ಯೆ ನೋಡಿ. ಹೊಸ ದರ ಬಂತು ಅಂದ್ರೆ ಹಳೆ ಬೋರ್ಡ್ ಅಳಿಸಬೇಕು. ಅಳಿಸ್ತಿದ್ವಿ. ಬೋರ್ಡ್ ಖಾಲಿ ಇರೋ ಅದೇ ಗಳಿಗೆಯಲ್ಲಿ ನೋಟಿಫಿಕೇಶನ್ ಹೋಗ್ತಿತ್ತು. ಬಂದವರೆಲ್ಲ ಬೋರ್ಡ್ ನೋಡ್ತಾರೆ, ಖಾಲಿ. ಎಲ್ಲರೂ ಕೌಂಟರಿಗೆ ನುಗ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ! ಆ ಪುಟದಲ್ಲಿ ವರ್ಷದ ದರದ ಸರಾಸರಿ, ಏರಿಳಿತ ಎಲ್ಲ ಲೆಕ್ಕ ಹಾಕಿ ತೋರಿಸ್ತಿದ್ವಿ. ಒಂದು ಸಲ ಲೆಕ್ಕ ಹಾಕೋಕೆ ಡೇಟಾಬೇಸಿನ ಒಂದು ಕೋರಿಗೆ 1 ಸೆಕೆಂಡ್ ಬೇಕಿತ್ತು.

ಒಂದು ದಿನ ಆ್ಯಪ್ ನಿಂತೇಹೋಯ್ತು. ನಾನು ಬೇಲೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಆಫೀಸಿಂದ ಫೋನ್. ಲಾಗ್ ತೆಗೆದು ನೋಡಿದೆ: ‘ಕನೆಕ್ಷನ್ ಸಿಗಲಿಲ್ಲ, 30 ಸೆಕೆಂಡ್ ಕಾದು ಬಿಟ್ಟೆ.’ ಸಾವಿರಾರು ಸಾಲು. ನನಗೆ ತಕ್ಷಣ ಹೊಳೆದಿದ್ದು: ಕನೆಕ್ಷನ್ ಸಾಲ್ತಿಲ್ಲ, ಜಾಸ್ತಿ ಮಾಡೋಣ. 10 ಇದ್ದಿದ್ದನ್ನ 100 ಮಾಡಿದೆ. 3 ಸರ್ವರ್, 300 ಕನೆಕ್ಷನ್.

ಆಗ ಬಂದಿದ್ದು ಪೋಸ್ಟ್‌ಗ್ರೆಸ್‌ನ ಪ್ರಸಿದ್ಧ ಎರರ್: ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ.’ ಯಾಕಂದ್ರೆ ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಮಿತಿ 100. ಅದರಲ್ಲೂ 3 ಅಡ್ಮಿನ್‌ಗೆ ಮೀಸಲು. ನನಗೆ ಸಿಗೋದು 97. ಮೊದಲು ಬಂದ ಸರ್ವರ್ ಎಲ್ಲವನ್ನೂ ಬಾಚಿಕೊಂಡಿತ್ತು, ಉಳಿದ ಎರಡಕ್ಕೆ ಏನೂ ಇಲ್ಲ.

ನಾನು ಬಿಡ್ತೀನಾ? ಡೇಟಾಬೇಸಿನ ಮಿತಿಯನ್ನೇ 400ಕ್ಕೆ ಏರಿಸಿ ರೀಸ್ಟಾರ್ಟ್ ಮಾಡಿದೆ. ಈಗ 300 ಕನೆಕ್ಷನ್ನೂ ಸಿಕ್ತು. ಆ್ಯಪ್ ಮೊದಲಿಗಿಂತ ಕೆಟ್ಟದಾಯ್ತು.

ಹೆಚ್ಚು ಕೌಂಟರ್ ಇಟ್ರೆ ನಿಧಾನ ಆಗೋದು ಹೇಗೆ?

ಇಲ್ಲೇ ಇವತ್ತಿನ ಮುಖ್ಯ ಪಾಠ ಇದೆ. ನಿಧಾನವಾಗಿ ಲೆಕ್ಕ ಹಾಕೋಣ.

ಡೇಟಾಬೇಸ್ ಮಷಿನ್‌ಗೆ 4 ಕೋರ್. ಅಂದ್ರೆ ಒಳಗೆ ಲೆಡ್ಜರ್ ಓದೋರು ನಾಲ್ಕೇ ಜನ. ಪ್ರಶ್ನೆಗೆ 1 ಸೆಕೆಂಡ್. ಏನೇ ಮಾಡಿದ್ರೂ ಸೆಕೆಂಡಿಗೆ 4 ಉತ್ತರ ಅಷ್ಟೇ. ಹೊರಗೆ ಎಷ್ಟು ಕೌಂಟರ್ ಕಿಟಕಿ ತೆಗೆದ್ರೂ ಒಳಗಿರೋರು ನಾಲ್ಕೇ.

ಆ ನಾಲ್ವರು ಒಂದು ಕೆಲಸ ಪೂರ್ತಿ ಮುಗಿಸಿ ಇನ್ನೊಂದು ತಗೊಳ್ಳಲ್ಲ. ಬಂದ ಎಲ್ಲ ಕೆಲಸಕ್ಕೂ ಸ್ವಲ್ಪ ಸ್ವಲ್ಪ ಸಮಯ ಹಂಚ್ತಾರೆ. ಇವನದ್ದು ಎರಡು ಸಾಲು, ಅವಳದ್ದು ಎರಡು ಸಾಲು. ಹಾಗಾಗಿ 30 ಪ್ರಶ್ನೆ ಒಟ್ಟಿಗೆ ಒಳಗೆ ಬಿಟ್ರೆ, ಎಲ್ಲವೂ ಸುಮಾರು ಏಳೂವರೆ ಸೆಕೆಂಡಿಗೆ ಒಟ್ಟಿಗೆ ಮುಗೀತವೆ. 300 ಬಿಟ್ರೆ? 75 ಸೆಕೆಂಡ್. ಮೊದಲ ಉತ್ತರ ಬರೋಕೇ ಒಂದು ನಿಮಿಷದ ಮೇಲೆ. ಬೋರ್ಡ್ ಅಷ್ಟು ಹೊತ್ತು ಖಾಲಿ. ಅಷ್ಟು ಹೊತ್ತು ಬರೋರೆಲ್ಲ ಮತ್ತೆ ಕೌಂಟರಿಗೇ. ಅಷ್ಟರಲ್ಲಿ ಜನ ಬೇಸತ್ತು ಆ್ಯಪ್ ಮುಚ್ಚಿ ಮತ್ತೆ ತೆಗೀತಾರೆ. ಮುಚ್ಚಿದವರ ಹಳೇ ಪ್ರಶ್ನೆ ಒಳಗೆ ಇನ್ನೂ ಓಡ್ತಾನೇ ಇರತ್ತೆ.

ಅದೇ 8 ಪ್ರಶ್ನೆ ಮಾತ್ರ ಒಳಗೆ ಬಿಟ್ಟಿದ್ರೆ? 2 ಸೆಕೆಂಡಿಗೆ ಮೊದಲ ಉತ್ತರ. ಬೋರ್ಡ್ ತುಂಬಿತು. ಹೊಸಬರು ಬೋರ್ಡ್ ನೋಡಿಕೊಂಡು ಹೋದ್ರು.

ಇದು ನನ್ನೊಬ್ಬನ ಅನುಭವ ಅಲ್ಲ. ಒರಾಕಲ್ ಕಂಪನಿಯ ಪರ್ಫಾರ್ಮೆನ್ಸ್ ತಂಡ ಒಂದು ಪ್ರಯೋಗ ಮಾಡಿ ವಿಡಿಯೊ ಹಾಕಿತ್ತು. ಬೇರೆ ಏನನ್ನೂ ಮುಟ್ಟದೆ, ಪೂಲ್ ಗಾತ್ರವನ್ನ ಮಾತ್ರ ಇಳಿಸಿದ್ರು. ಸುಮಾರು 100 ಮಿಲಿಸೆಕೆಂಡ್ ಇದ್ದ ಉತ್ತರದ ಸಮಯ ಸುಮಾರು 2 ಮಿಲಿಸೆಕೆಂಡಿಗೆ ಇಳೀತು. ಐವತ್ತು ಪಟ್ಟು ವೇಗ, ಕೌಂಟರ್ ಕಮ್ಮಿ ಮಾಡಿದ್ದಕ್ಕೆ!

ಹಾಗಾದ್ರೆ ಎಷ್ಟು ಇಡಬೇಕು? ಎರಡು ಲೆಕ್ಕ ನೆನಪಿಟ್ಟುಕೊಳ್ಳಿ.

ಮೊದಲನೆಯದು, ಬೇಡಿಕೆಯ ಲೆಕ್ಕ. ಸೆಕೆಂಡಿಗೆ ಎಷ್ಟು ಪ್ರಶ್ನೆ ಡೇಟಾಬೇಸಿಗೆ ಹೋಗತ್ತೆ ಅನ್ನೋದನ್ನ ಒಂದು ಪ್ರಶ್ನೆಗೆ ಎಷ್ಟು ಸೆಕೆಂಡ್ ಅನ್ನೋದರಿಂದ ಗುಣಿಸಿ. ಲಿಟಲ್‌ನ ನಿಯಮ ಅಂತಾರೆ. ಸೆಕೆಂಡಿಗೆ 50 ಪ್ರಶ್ನೆ, ಒಂದಕ್ಕೆ 20 ಮಿಲಿಸೆಕೆಂಡ್. ಗುಣಿಸಿದ್ರೆ 1. ಅಂದ್ರೆ ಸರಾಸರಿ ಒಂದೇ ಒಂದು ಕನೆಕ್ಷನ್ ಕೆಲಸದಲ್ಲಿ ಇರತ್ತೆ! ಮಾಮೂಲಿ ದಿನ ನಮ್ಮ ಆ್ಯಪ್ ಇದ್ದಿದ್ದೇ ಹೀಗೆ.

ಎರಡನೆಯದು, ಸಾಮರ್ಥ್ಯದ ಲೆಕ್ಕ. ಡೇಟಾಬೇಸ್ ಮಷಿನ್‌ನ ಕೋರ್‌ಗಳ ಎರಡು ಪಟ್ಟು, ಜೊತೆಗೆ ಡಿಸ್ಕಿನ ಸಂಖ್ಯೆ. ಪೋಸ್ಟ್‌ಗ್ರೆಸ್ ಬಳಗದಿಂದ ಬಂದ ಹಳೇ ಸೂತ್ರ ಇದು, ಹಿಕಾರಿ ತಂಡವೂ ಇದನ್ನೇ ಹೇಳತ್ತೆ. 4 ಕೋರ್, 1 ಡಿಸ್ಕ್ ಅಂದ್ರೆ 9. ಇದು ಶಾಸನ ಅಲ್ಲ, ಶುರು ಮಾಡೋಕೆ ಒಂದು ಸಂಖ್ಯೆ. ಇಲ್ಲಿಂದ ಅಳೆದು ನೋಡಿ ಸ್ವಲ್ಪ ಆಚೀಚೆ ಮಾಡಿ.

ಮುಖ್ಯ ಎಚ್ಚರಿಕೆ: ಈ 9 ಒಟ್ಟು ಡೇಟಾಬೇಸಿಗೆ. ಪ್ರತಿ ಸರ್ವರಿಗೆ ಅಲ್ಲ! ನಾನು ಎಡವಿದ್ದೇ ಇಲ್ಲಿ. ಕಾನ್ಫಿಗರೇಶನ್ ಫೈಲಿನಲ್ಲಿ ಬರೆಯೋದು ಒಂದು ಸರ್ವರಿನ ಸಂಖ್ಯೆ. ಡೇಟಾಬೇಸಿಗೆ ಕಾಣೋದು ಎಲ್ಲ ಸರ್ವರುಗಳ ಮೊತ್ತ.

ಆ ದಿನ ಯಾರಿಗೆ ನಷ್ಟ ಆಯ್ತು?

ಇಷ್ಟೂ ಹೊತ್ತು ಇದು ನಮ್ಮ ಆಫೀಸಿನ ತಲೆನೋವು ಅಂತ ಅನಿಸಿರಬಹುದು. ಸಂಜೆ ಒಂದು ಫೋನ್ ಬಂತು. ಹಳೇಬೀಡು ಹತ್ತಿರದ ಒಂದು ಊರಿನ ರೈತರು.

“ಏನಪ್ಪಾ, ನಿಮ್ ಆ್ಯಪಲ್ಲಿ ಒಂದು ರೇಟು, ಮಾರ್ಕೆಟ್ಟಲ್ಲಿ ಒಂದು ರೇಟಾ?”

ನಡೆದಿದ್ದು ಇಷ್ಟು. ಮೂರರಲ್ಲಿ ಒಂದು ಸರ್ವರಿನಲ್ಲಿ ‘ಹೊಸ ಉತ್ತರ ಸಿಗದಿದ್ರೆ ಹಳೇದನ್ನೇ ತೋರಿಸು’ ಅಂತ ಒಂದು ಸೆಟ್ಟಿಂಗ್ ಉಳಿದುಬಿಟ್ಟಿತ್ತು. ಅದು ಹಿಂದಿನ ಹರಾಜಿನ ದರ ತೋರಿಸ್ತು. ದಿನಾಂಕ ಇಲ್ಲ, ಸಮಯ ಇಲ್ಲ. ವ್ಯಾಪಾರಿ ಮನೆ ಬಾಗಿಲಿಗೆ ಬಂದಿದ್ದ. ಇವರು ಫೋನ್ ನೋಡಿದ್ರು, ವ್ಯಾಪಾರಿ ಹೇಳಿದ ದರವೂ ಆ್ಯಪಿನ ದರವೂ ಒಂದೇ ಇತ್ತು. ಕೊಟ್ಟುಬಿಟ್ರು. ಆ ದಿನದ ನಿಜವಾದ ದರ ಕ್ವಿಂಟಲ್‌ಗೆ 400 ರೂಪಾಯಿ ಮೇಲಿತ್ತು. 8 ಕ್ವಿಂಟಲ್ ಕೊಬ್ಬರಿ. 3,200 ರೂಪಾಯಿ.

“ಯಜಮಾನ್ರೇ, ಸರ್ವರ್ ಪ್ರಾಬ್ಲಂ ಆಗಿತ್ತು” ಅಂದೆ. ಅವರು ಬೈಯಲಿಲ್ಲ. “ಸರ್ವರ್ ಗಿರ್ವರ್ ನಂಗೊತ್ತಿಲ್ಲಪ್ಪ. ಗೊತ್ತಿಲ್ಲ ಅಂತ ತೋರಿಸಿದ್ರೆ ನಾನು ಯಾರನ್ನಾದ್ರೂ ಕೇಳ್ತಿದ್ದೆ” ಅಂದ್ರು.

ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಆ್ಯಪ್ ಪೂರ್ತಿ ನಿಂತುಹೋಗಿದ್ರೂ ಅವರಿಗೆ ಅಷ್ಟು ನಷ್ಟ ಆಗ್ತಿರಲಿಲ್ಲ. ಹಳೇ ಬೋರ್ಡನ್ನ ಹೊಸದು ಅಂತ ನಂಬಿಸಿದ್ದೇ ನಷ್ಟಕ್ಕೆ ಕಾರಣ.

ಆಮೇಲೆ ನಾವು ಬದಲಾಯಿಸಿದ್ದು

ಕೋಡ್ ಬರೆಯೋ ಗೆಳೆಯರೇ, ಇದನ್ನ ಸ್ಕ್ರೀನ್‌ಶಾಟ್ ತಗೊಳ್ಳಿ.

ಒಂದು: ಪೂಲ್ ಗಾತ್ರ ಇಳಿಸಿದ್ವಿ. ಮ್ಯಾಕ್ಸಿಮಮ್ ಪೂಲ್ ಸೈಜ್ ಪ್ರತಿ ಸರ್ವರಿಗೆ 4. ಮೂರು ಸೇರಿ 12. ದಿನದ ವರದಿ ತೆಗೆಯೋ ಕೆಲಸಕ್ಕೆ ಬೇರೆಯದೇ 2 ಕನೆಕ್ಷನ್. ವರದಿ ಎಷ್ಟೇ ಹೊತ್ತು ಓಡಲಿ, ದರ ನೋಡೋರ ಕೌಂಟರಿಗೆ ಅಡ್ಡ ಬರಲ್ಲ. ಡೇಟಾಬೇಸಿನ ಮಿತಿಯನ್ನ ಮತ್ತೆ 100ಕ್ಕೆ ತಂದ್ವಿ.

ಎರಡು: ಒಂದೇ ಪ್ರಶ್ನೆಗೆ ಒಬ್ಬನೇ ಹೋಗಲಿ. ಬೋರ್ಡ್ ಖಾಲಿ ಇದ್ದಾಗ ಮೊದಲು ಬಂದವನು ಮಾತ್ರ ಕೌಂಟರಿಗೆ ಹೋಗ್ತಾನೆ. ಉಳಿದವರು ಅವನು ತರೋ ಉತ್ತರಕ್ಕೆ ಕಾಯ್ತಾರೆ. ಸಾಲಲ್ಲಿ ನಿಂತವರೂ ತಮ್ಮ ಸರದಿ ಬಂದಾಗ ಇನ್ನೊಮ್ಮೆ ಬೋರ್ಡ್ ನೋಡ್ತಾರೆ. ನೂರಾರು ಪ್ರಶ್ನೆ ಇದ್ದಿದ್ದು ಸರ್ವರಿಗೆ ಒಂದರಂತೆ ಮೂರಕ್ಕೆ ಇಳೀತು. ಮೂರಕ್ಕೆ ನಾಲ್ಕು ಕೋರ್ ಧಾರಾಳ. ಫೇಸ್‌ಬುಕ್ ಕೂಡ ತನ್ನ ಮೆಮ್‌ಕ್ಯಾಶ್ ವ್ಯವಸ್ಥೆಯಲ್ಲಿ ಇದೇ ಸಮಸ್ಯೆಗೆ ಇಂಥದ್ದೇ ಉಪಾಯ ಮಾಡಿಕೊಂಡಿದ್ದನ್ನ 2013ರ ಒಂದು ಪ್ರಬಂಧದಲ್ಲಿ ವಿವರಿಸಿದೆ. ‘ಲೀಸ್’ ಅಂತ ಹೆಸರಿಟ್ಟಿದ್ರು.

ಮೂರು: ಬೋರ್ಡ್ ಬರೆದು ಆಮೇಲೆ ಡಂಗುರ ಸಾರಿ. ಮೊದಲು ಹೊಸ ದರದ ಲೆಕ್ಕ ಹಾಕಿ ಕ್ಯಾಶ್ ತುಂಬಿಸೋದು, ಆಮೇಲೆ ನೋಟಿಫಿಕೇಶನ್. ನಾವು ಉಲ್ಟಾ ಮಾಡ್ತಿದ್ವಿ. ಇದೊಂದು ಸಾಲಿನ ಬದಲಾವಣೆಯೇ ಮುಕ್ಕಾಲು ಪಾಲು ನೂಕುನುಗ್ಗಲು ನಿಲ್ಲಿಸ್ತು.

ನಾಲ್ಕು: ಎಲ್ಲ ಬೋರ್ಡೂ ಒಂದೇ ಕ್ಷಣಕ್ಕೆ ಅಳಿಸಬೇಡಿ. ಎಲ್ಲ ಉತ್ತರಕ್ಕೂ ‘60 ಸೆಕೆಂಡ್ ಆಯಸ್ಸು’ ಅಂತ ಕೊಟ್ರೆ, ಒಟ್ಟಿಗೆ ಹುಟ್ಟಿದ್ದು ಒಟ್ಟಿಗೇ ಸಾಯತ್ತೆ. ಒಂದಕ್ಕೆ 55, ಒಂದಕ್ಕೆ 63, ಒಂದಕ್ಕೆ 68, ಹೀಗೆ ಚೂರು ಚೂರು ವ್ಯತ್ಯಾಸ ಇಡಿ.

ಐದು: ಕಾಯೋ ಸಮಯ ಕಮ್ಮಿ ಮಾಡಿ. ಹಿಕಾರಿಯಲ್ಲಿ ಕನೆಕ್ಷನ್ ಟೈಮ್‌ಔಟ್ ಡಿಫಾಲ್ಟ್ 30 ಸೆಕೆಂಡ್. ಫೋನ್ ಹಿಡಿದವರು ಯಾರು 30 ಸೆಕೆಂಡ್ ಕಾಯ್ತಾರೆ? ನಾವು 2 ಸೆಕೆಂಡ್ ಮಾಡಿದ್ವಿ. ಅಷ್ಟರಲ್ಲಿ ಸಿಗದಿದ್ರೆ ನೇರವಾಗಿ ‘ಈಗ ದರ ಸಿಗ್ತಿಲ್ಲ’ ಅಂತ ಹೇಳೋದು. ಸಾಲು ಬೆಳೆಯೋಕೆ ಬಿಡೋದಕ್ಕಿಂತ ಬೇಗ ಇಲ್ಲ ಅನ್ನೋದು ಒಳ್ಳೇದು.

ಆರು: ಕನೆಕ್ಷನ್‌ಗೂ ಆಯಸ್ಸು ಕೊಡಿ. ಬಹಳ ಹೊತ್ತು ಸುಮ್ಮನೆ ಇರೋ ಕನೆಕ್ಷನ್‌ನ ಡೇಟಾಬೇಸೋ ಫೈರ್‌ವಾಲೋ ಸದ್ದಿಲ್ಲದೆ ಕತ್ತರಿಸಿರತ್ತೆ. ಮೈಸೀಕ್ವೆಲ್‌ನಲ್ಲಿ ಈ ಡಿಫಾಲ್ಟ್ 28,800 ಸೆಕೆಂಡ್, ಅಂದ್ರೆ 8 ಗಂಟೆ. ರಾತ್ರಿಯಿಡೀ ಸುಮ್ಮನಿದ್ದ ಆ್ಯಪ್, ಬೆಳಗ್ಗೆ ಮೊದಲು ತೆಗೆದವನಿಗೆ ಎರರ್ ಕೊಡೋದು ಹೀಗೆ. ಪೂಲಿನ ಮ್ಯಾಕ್ಸ್ ಲೈಫ್‌ಟೈಮ್ ಯಾವಾಗ್ಲೂ ಆ ಮಿತಿಗಿಂತ ಕಮ್ಮಿ ಇರಬೇಕು. ಹಿಕಾರಿಯಲ್ಲಿ ಡಿಫಾಲ್ಟ್ 30 ನಿಮಿಷ.

ಏಳು: ಎರವಲು ತಗೊಂಡಿದ್ದನ್ನ ಬೇಗ ವಾಪಸ್ ಕೊಡಿ. ನಮ್ಮ ಕೋಡಿನಲ್ಲಿ ಒಂದು ಕಡೆ ಕನೆಕ್ಷನ್ ಹಿಡಿದುಕೊಂಡೇ ಎಸ್‌ಎಂಎಸ್ ಕಳಿಸ್ತಿದ್ವಿ. ಎಸ್‌ಎಂಎಸ್ ಹೋಗೋಕೆ 3 ಸೆಕೆಂಡ್ ಆದ್ರೆ, ಆ ಕೌಂಟರ್ 3 ಸೆಕೆಂಡ್ ಬಂದ್. ಕ್ಲರ್ಕ್ ಟೀ ಕುಡಿಯೋಕೆ ಹೋದ ಹಾಗೆ. ವಾಪಸ್ ಕೊಡೋದನ್ನೇ ಮರೆತ್ರೆ ಅದು ಲೀಕ್, ಕ್ಲರ್ಕ್ ಮತ್ತೆ ಬರೋದೇ ಇಲ್ಲ. ಹಿಕಾರಿಯಲ್ಲಿ ಲೀಕ್ ಪತ್ತೆ ಮಾಡೋ ಸೆಟ್ಟಿಂಗ್ ಇದೆ, ಟೆಸ್ಟಿಂಗ್ ಮಾಡುವಾಗಲಾದ್ರೂ ಆನ್ ಮಾಡಿ.

ಎಂಟು: ದರದ ಪಕ್ಕ ಸಮಯ. ‘ಮಧ್ಯಾಹ್ನ 2:10ಕ್ಕೆ ಇದ್ದ ದರ’ ಅಂತ ದೊಡ್ಡದಾಗಿ. ಇದು ಪೂಲ್ ಸೆಟ್ಟಿಂಗ್ ಅಲ್ಲ. ಆದ್ರೆ ಎಂಟರಲ್ಲಿ ಒಂದನ್ನೇ ಮಾಡೋಕೆ ಸಮಯ ಇದೆ ಅಂದ್ರೆ ಇದನ್ನ ಮಾಡಿ ಅಂತೀನಿ.

ಇನ್ನೊಂದು ಮಾತು. ಸರ್ವರ್‌ಗಳ ಸಂಖ್ಯೆ ರಶ್ ನೋಡಿಕೊಂಡು ತಾನಾಗೇ ಹೆಚ್ಚಾಗೋ ವ್ಯವಸ್ಥೆ ನಿಮ್ಮದಾಗಿದ್ರೆ ಹುಷಾರು. 3 ಸರ್ವರಿಗೆ 12 ಇದ್ದದ್ದು 30 ಸರ್ವರಿಗೆ 120 ಆಗಿಬಿಡತ್ತೆ. ರಶ್ ಇರೋ ಹೊತ್ತಲ್ಲೇ ಡೇಟಾಬೇಸ್ ಬಾಗಿಲು ಮುಚ್ಚತ್ತೆ. ಆಗ ನಡುವೆ ಪಿಜಿಬೌನ್ಸರ್ ಥರದ ಒಂದು ಪೂಲರ್ ಇಡ್ತಾರೆ. ನೂರಾರು ಜನ ಅದರ ಮುಂದೆ ನಿಲ್ಲಬಹುದು, ಅದು ಡೇಟಾಬೇಸಿಗೆ 20 ಜನರನ್ನಷ್ಟೇ ಬಿಡತ್ತೆ. ಅದರ ಟ್ರಾನ್ಸಾಕ್ಷನ್ ಮೋಡ್ ಬಳಸಿದ್ರೆ ಒಂದು ಎಚ್ಚರ: ಒಂದು ವಹಿವಾಟು ಮುಗಿದ ಮೇಲೆ ನಿಮಗೆ ಅದೇ ಕನೆಕ್ಷನ್ ಮತ್ತೆ ಸಿಗತ್ತೆ ಅಂತ ನಂಬಬೇಡಿ. ಕನೆಕ್ಷನ್ ಮೇಲೆ ಇಟ್ಟ ಸೆಟ್ಟಿಂಗ್‌ಗಳು ಅಲ್ಲೇ ಉಳಿಯಲ್ಲ.

ಮತ್ತೆ 11 ಗಂಟೆಯ ತತ್ಕಾಲ್‌ಗೆ

ಕೋಡ್ ಬರೆಯದವರಿಗೆ ಇದರಿಂದ ಏನು ಉಪಯೋಗ? ಎರಡು.

ಫೋನಿನಲ್ಲಿ ಕಾಣೋ ಯಾವ ಸಂಖ್ಯೆ ಬೋರ್ಡಿನದ್ದು, ಯಾವುದು ಕೌಂಟರಿನದ್ದು ಅಂತ ಕೇಳಿಕೊಳ್ಳಿ. ‘ಅವೈಲಬಲ್ 43’ ಬೋರ್ಡು. ಪಿಎನ್‌ಆರ್ ಬಂದಿದ್ದು ಕೌಂಟರು. ಬೋರ್ಡನ್ನ ನೋಡಿ ಮನೇಲಿ “ಸೀಟು ಸಿಕ್ತು” ಅಂತ ಹೇಳಬೇಡಿ.

ಚಕ್ರ ತಿರುಗ್ತಿರುವಾಗ ರಿಫ್ರೆಶ್ ಒತ್ತಬೇಡಿ. ನಿಮ್ಮ ಮೊದಲ ಮನವಿ ಒಳಗೆ ಕೌಂಟರ್ ಮುಂದೆ ನಿಂತಿರಬಹುದು. ಮತ್ತೆ ಒತ್ತಿದ್ರೆ ನೀವೇ ನಿಮ್ಮ ಹಿಂದೆ ಇನ್ನೊಂದು ಸಲ ಸಾಲಿಗೆ ನಿಲ್ತೀರಿ, ಸಾಲು ಉದ್ದ ಆಗತ್ತೆ. ದುಡ್ಡು ಕಟ್ ಆಗಿ ಪುಟ ನಿಂತುಹೋದ್ರೆ, ಇನ್ನೊಮ್ಮೆ ಬುಕ್ ಮಾಡೋ ಮೊದಲು ನಿಮ್ಮ ಬುಕಿಂಗ್ ಪಟ್ಟಿ ನೋಡಿ.

ಮನುಷ್ಯರಲ್ಲದವರೂ ಈ ಸಾಲಲ್ಲಿ ನಿಲ್ತಾರೆ ಅನ್ನೋದು ಬೇರೆ ಕಥೆ. ತತ್ಕಾಲ್ ಓಪನ್ ಆದ ಮೊದಲ ಐದು ನಿಮಿಷದ ಲಾಗಿನ್ ಪ್ರಯತ್ನಗಳಲ್ಲಿ ಅರ್ಧದವರೆಗೂ ಬಾಟ್‌ಗಳದ್ದೇ ಇರ್ತಿದ್ವು ಅಂತ ರೈಲ್ವೆ ಇಲಾಖೆ 2025ರಲ್ಲಿ ಹೇಳಿತ್ತು. ಅದಕ್ಕೇ ಆ ವರ್ಷದ ಜುಲೈ 1ರಿಂದ ಆಧಾರ್ ದೃಢೀಕರಣ ಇದ್ದವರಿಗೆ ಮಾತ್ರ ಆನ್‌ಲೈನ್ ತತ್ಕಾಲ್, ಏಜೆಂಟರಿಗೆ ಮೊದಲ ಅರ್ಧ ಗಂಟೆ ನಿರ್ಬಂಧ. ಕೌಂಟರ್ ಹೆಚ್ಚಿಸೋದಷ್ಟೇ ದಾರಿ ಅಲ್ಲ, ಸಾಲಿಗೆ ಯಾರನ್ನ ಬಿಡಬೇಕು ಅನ್ನೋದೂ ಒಂದು ದಾರಿ.

ಹಳೇಬೀಡಿನ ಆ ಹುಡುಗಿ ಏನಾದಳು ಅಂತ ಕೇಳ್ತೀರಾ? ಅವಳು ನಮ್ಮ ದೃಶ್ಯದ ಹುಡುಗಿ, ಆದ್ರೆ ನಿಮ್ಮಲ್ಲಿ ಎಷ್ಟೋ ಜನ ಅವಳೇ. ವೇಟಿಂಗ್ 18 ನೋಡಿದ ಕೂಡಲೇ ಅರಸೀಕೆರೆಯಿಂದ ರಾತ್ರಿ ಬಸ್ ಹುಡುಕಿದವರು. ಕೊಬ್ಬರಿ ಮಾರಿದ ಆ ಯಜಮಾನ್ರು ಮಾತ್ರ ನಿಜ. ಅವರ 3,200 ರೂಪಾಯಿನ ನಮ್ಮ ಕಂಪನಿ ಕೊಡಲಿಲ್ಲ, ಕೊಡೋ ನಿಯಮವೂ ಇರಲಿಲ್ಲ. ಈಗ ಎಲ್ಲಿ ಕೆಲಸ ಮಾಡಿದ್ರೂ, ಪೂಲ್ ಸೈಜ್ ಅಂತ ಬರೆಯೋ ಜಾಗಕ್ಕೆ ಬಂದಾಗ ನನಗೆ ಅವರ ದನಿ ಕೇಳಿಸತ್ತೆ: “ಗೊತ್ತಿಲ್ಲ ಅಂತ ತೋರಿಸಿದ್ರೆ ಯಾರನ್ನಾದ್ರೂ ಕೇಳ್ತಿದ್ದೆ.”

ಮುಂದಿನ ಸಲ ಯಾರಾದ್ರೂ “ಸರ್ವರ್ ಡೌನ್” ಅಂದ್ರೆ ಈ ಸಂಚಿಕೆ ಕಳಿಸಿ. ನಿಮ್ಮೂರಲ್ಲಿ ಯಾವ ಸಾಲಲ್ಲಿ ನಿಂತು ಸಾಕಾಗಿದೆ ಅನ್ನೋದನ್ನ ನಮಗೂ ಒಂದು ವಾಯ್ಸ್ ನೋಟ್ ಮಾಡಿ ಹೇಳಿ.